ಮೂಗಿನ ದುರ್ಬೀನು

ಬಿಸಿ ರಾಳದ ವಾಸನೆ. ನನ್ನ ಬಾಲ್ಯವೆಂದರೆ ಅದೇ. ಗಾಜಿನ ಚೂರುಗಳನ್ನು ರಾಳದಲ್ಲಿ ಕೂರಿಸಿ, ಉಜ್ಜಿ ಉಜ್ಜಿ, ಅಕ್ಕಿಕಾಳಿನಷ್ಟು ಮಸೂರಗಳನ್ನು ಮಾಡುತ್ತಿದ್ದ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಅವನ್ನು ಉಕ್ಕಿನ ಕೊಳವೆಯೊಳಗೆ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಬೆಳಕಿನ ಎಳೆ ಇಟ್ಟರು. ಪೆನ್ಸಿಲಿಗಿಂತ ತೆಳ್ಳಗೆ, ಒಂದು ಗೇಣು ಉದ್ದ. ಡಾಕ್ಟರುಗಳಿಗೆ ನಾನು ಎಂಡೋಸ್ಕೋಪ್. ಬ್ಯಾಡಗಿಯ ಜನ ಮಾತ್ರ ಮೂಗಿನ ದುರ್ಬೀನು ಎಂದರು. ನನಗೂ ಆ ಹೆಸರೇ ಹಿಡಿಸಿತು.

ಮೊದಲ ಎಂಟು ವರ್ಷ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದೆ. ಹಿಂದೆ ಸೈನಸ್ ಕಟ್ಟಿದರೆ ತುಟಿ ಎತ್ತಿ, ಒಸಡಿನ ಮೇಲೆ ಕೊಯ್ದು, ಕೆನ್ನೆಯ ಮೂಳೆಗೆ ಕಿಂಡಿ ಕೊರೆಯುತ್ತಿದ್ದರಂತೆ. ನಾನು ಹೊಳ್ಳೆಯಿಂದಲೇ ಒಳಗೆ ಹೋಗಿ ದಾರಿ ತೋರಿಸುತ್ತಿದ್ದೆ. ತುಟಿ ಎತ್ತಬೇಕಿರಲಿಲ್ಲ, ಒಸಡು ಕೊಯ್ಯಬೇಕಿರಲಿಲ್ಲ. ಒಂದು ದಿನ ಕಲಿಯುವ ಹುಡುಗಿಯೊಬ್ಬಳ ಕೈಜಾರಿ ನೆಲಕ್ಕೆ ಬಿದ್ದೆ. ನನ್ನ ಗಾಜುಗಣ್ಣಿನ ಅಂಚು ಮಬ್ಬಾಯಿತು.

"ಇದನ್ನ ಹೊರಗ ಒಗದುಬಿಡ್ರಿ" ಎಂದರು ದೊಡ್ಡ ಡಾಕ್ಟರು, ನನ್ನ ಕಡೆ ನೋಡದೆ. ಅಲ್ಲಿಗೆ ಬಂದಿದ್ದ ಬ್ಯಾಡಗಿಯ ಡಾಕ್ಟರ್ ಸವಣೂರ ಅವರು ನನ್ನನ್ನು ಕೇಳಿ ಪಡೆದು, ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು.

ಬ್ಯಾಡಗಿಯೆಂದರೆ ಮೆಣಸಿನಕಾಯಿ. ತೊಟ್ಟು ಬಿಡಿಸುವ ಹೆಂಗಸರ ಮೂಗುಗಳು ಸದಾ ಕೆಂಪು. ಅವರಲ್ಲೊಬ್ಬಳು ಫಕ್ಕೀರವ್ವ. ಆಕೆಗೆ ವಾಸನೆ ತಿಳಿಯದೆ ಆರು ವರ್ಷವಾಗಿತ್ತು. ಜೊತೆಗೆ ಬಂದವಳು ಅತ್ತೆ ಗದಿಗೆವ್ವ.

"ಮೂಗಲ್ರೀ ಡಾಕ್ಟ್ರ, ಇದು ವಾಲ್ ಮುರದ ನಳ. ಕೂಲಿಗೆ ಹೋದ್ರ ಮೆಣಸಿನಕಾಯಿ ಮ್ಯಾಲೆ ಸೋರ್ತಾಳಂತ ಸಾವ್ಕಾರ ವಾಪಸ್ ಕಳಿಸ್ಯಾನ. ರಿಪೇರಿ ಆದ್ರ ಮಾಡ್ರಿ. ಆಗಲಿಲ್ಲಂದ್ರ ತವರಿಗೆ ಬಿಟ್ಟು ಬರ್ತೀನಿ. ಮಗನಿಗೆ ಬ್ಯಾರೆ ಹೆಣ್ಣು ಸಿಗೂದಿಲ್ಲೇನು?"

ಡಾಕ್ಟರು ಮೂರು ತಿಂಗಳು ಉಪ್ಪುನೀರಿನಿಂದ ಮೂಗು ತೊಳೆಯಲು ಹೇಳಿ, ಒಂದು ಸ್ಪ್ರೇ ಬರೆದುಕೊಟ್ಟರು. ಮತ್ತೆ ಬಂದಾಗ ಗುಣ ಕಾಣಲಿಲ್ಲ. ಸ್ಪ್ರೇ ಹೊಡೆದುಕೊಂಡೆಯಾ ಎಂದರೆ ಫಕ್ಕೀರವ್ವ ಅತ್ತೆಯ ಮುಖ ನೋಡಿದಳು. ಗದಿಗೆವ್ವ ಅದನ್ನು ತನ್ನ ನೆಗಡಿಗೆ ಖಾಲಿ ಮಾಡಿದ್ದಳು.

ಅಷ್ಟರಲ್ಲಿ ಮೂಗು ಪೂರ್ತಿ ಕಟ್ಟಿತ್ತು; ಆಪರೇಷನ್ನೇ ಮಾಡಬೇಕಾಯಿತು. ಒಳಗೆ ಹೋದವನು ನಾನೇ. ಸುಲಿದ ದ್ರಾಕ್ಷಿಯಂಥ ಗಂಟುಗಳು ಗಾಳಿಯ ದಾರಿಯನ್ನು ತುಂಬಿಕೊಂಡಿದ್ದವು. ನನ್ನ ಬೆಳಕಿನಲ್ಲಿ ಡಾಕ್ಟರು ಒಂದೊಂದನ್ನೇ ತೆಗೆದರು. ಸೈನಸ್ಸಿನ ಬಾಯಿ ಅಗಲ ಮಾಡಿದರು. ಮಬ್ಬುಗಣ್ಣಿನಲ್ಲೇ ನಾನು ಮಾಡಿದ ಕೊನೆಯ ದೊಡ್ಡ ಕೆಲಸ ಅದು. ಮರುತಿಂಗಳು ಹೊಸ ದುರ್ಬೀನೊಂದು ಬಂತು. ಈಗ ನಾನು ಔಷಧಿ ಕಪಾಟಿನ ಕೆಳಖಾನೆಯಲ್ಲಿದ್ದೇನೆ. ನೂರಾರು ಜನರ ಮೂಗಿನೊಳಗೆ ಇಣುಕಿದ್ದೇನೆ. ಹೊಲಸು ಒಳಗೇ ಇರುತ್ತದೆಂದು ಬಹಳ ಕಾಲ ನಂಬಿದ್ದೆ. ಆಪರೇಷನ್ ಆದ ಹದಿನೈದು ದಿನಕ್ಕೆ ಫಕ್ಕೀರವ್ವ ಅತ್ತೆಯ ಜೊತೆ ತೋರಿಸಲು ಬಂದ ದಿನ ಆ ನಂಬಿಕೆ ಹೋಯಿತು.

ಅವತ್ತು ಡಾಕ್ಟರು ಒಳಗೆಲ್ಲ ನೋಡಿ ನನ್ನನ್ನು ಟ್ರೇಯಲ್ಲಿಟ್ಟರು. ಆಕೆಯ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಏನೋ ಹಿಡಿದರು.

"ಲವಂಗ ಏನ್ರೀ?" ಎಂದಳು. ಕಣ್ಣು ಬಿಟ್ಟವಳೇ ನಕ್ಕಳು. "ಲವಂಗರೀ! ಹೌದಲ್ರೀ?"

"ಇಲ್ಲೇ ಕುಂತು ಉಂಡು, ಗುಳಿಗಿ ನುಂಗಿ ಹೋಗವಾ" ಎಂದು ಡಾಕ್ಟರು ಪಕ್ಕದ ಕೋಣೆಗೆ ಹೋದರು. ಆಯಾ ಮಾಬೂಬಿ ಟ್ರೇ ತೊಳೆಯಲು ಬಂದು ನಿಂತಳು. ಗದಿಗೆವ್ವ ಮನೆಯಿಂದ ತಂದ ಊಟದ ಡಬ್ಬಿ ಬಿಚ್ಚಿ ಸೊಸೆಯ ಮುಂದಿಟ್ಟಳು.

ತುತ್ತು ಎತ್ತಿದ ಫಕ್ಕೀರವ್ವ ಅದನ್ನು ಬಾಯಿಗಿಡದೆ ಡಬ್ಬಿಗೇ ಹಾಕಿದಳು. ಡಬ್ಬಿಯನ್ನು ಮೂಗಿಗೆ ಹಿಡಿದಳು. ಇಳಿಸಿದಳು. ಮತ್ತೆ ಹಿಡಿದಳು.

"ಅತ್ತಿ, ಇದು ಯಾವತ್ತಿನ ಸಾರು?"

"ಇವತ್ತಿಂದ."

"ಹಳಸೇತಿ."

"ಹುಣಸಿಹಣ್ಣು ಹೆಚ್ಚಾಗೇತಿ."

"ದಿನಾ ಹಂಗ ಅಂತಿದ್ರಿ." ಆಕೆಯ ದನಿ ಸಣ್ಣಗಾಯಿತು. "ಹುಳಿ ಆತೇನ್ರಿ ಅಂದ್ರ, ಹುಣಸಿಹಣ್ಣು ಅಂತಿದ್ರಿ. ನನ್ನ ಹೊಟ್ಟಿ ಕೆಟ್ರ, ನಿನ್ನ ಹೊಟ್ಟೀನ ಹಂಗ ಅಂತಿದ್ರಿ."

ಗದಿಗೆವ್ವ ಸೆರಗು ಕೊಡವಿದಳು. "ಉಳದದ್ದು ಚೆಲ್ಲಬೇಕಿತ್ತೇನು? ವಾಸನಿ ಹತ್ತದವರಿಗೆ ಹಳಸಿದ್ದೇನು, ಬಿಸೀದೇನು? ಆರು ವರ್ಷ ಉಂಡೀ, ಸತ್ತೀಯೇನು?"

ಪಕ್ಕದ ಕೋಣೆಯಿಂದ ಡಾಕ್ಟರ ದನಿ ಕೇಳಿತು. "ಭೇಷ್! ಹಳಸಿದ್ದೂ ಗೊತ್ತಾತೇನವಾ? ಆಪರೇಷನ್ ನೂರಕ್ಕ ನೂರು ಪಾಸ್!" ತೆರೆದ ಬಾಗಿಲಿನಾಚೆ ಅವರು ನಗುತ್ತಾ ಚೀಟಿಯಲ್ಲಿ ಏನೋ ಬರೆಯುತ್ತಿದ್ದರು.

ಫಕ್ಕೀರವ್ವ ಅಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಒತ್ತಿ ಮುಚ್ಚಿ, ಅತ್ತೆಯ ಮುಂದೆ ಸರಿಸಿದಳು. "ಇನ್ನ ನೀವ ಉಣ್ರಿ" ಎಂದಳು.

"ತವರಿಗೆ ನಡಿ ಹಂಗಾದ್ರ" ಎಂದು ಗದಿಗೆವ್ವ ಎದ್ದು ಹೊರಗೆ ಹೋದಳು. ಫಕ್ಕೀರವ್ವ ಏಳಲಿಲ್ಲ. ಅಂಗೈಯಲ್ಲಿ ಗುಳಿಗೆ ಹಿಡಿದು ಅತ್ತೆ ಹೋದ ಬಾಗಿಲನ್ನೇ ನೋಡುತ್ತಿದ್ದಳು.

ಮಾಬೂಬಿ ಕೈ ಒರೆಸಿಕೊಂಡಳು. ಕಿಟಕಿಯ ಕಟ್ಟೆಯ ಮೇಲಿದ್ದ ತನ್ನ ಬುತ್ತಿಯ ಗಂಟು ಬಿಚ್ಚಿ, ಬೆಳಿಗ್ಗೆ ಬಡಿದ ಎರಡು ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಇಟ್ಟು, ಫಕ್ಕೀರವ್ವನ ಕೈಗೆ ಕೊಟ್ಟಳು.