ತಾಯಿಮೀನಿನ ಪಥ್ಯ

ಯಜಮಾನರು ತೀರಿಕೊಂಡ ಮೇಲೆ ಕೊಳದ ತಾಯಿಮೀನುಗಳಿಗೆ ತೌಡು ಹಾಕುವ ಕೆಲಸವನ್ನು ಅತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಅವು ಗಂಡ ತಮ್ಮ ಕೈಯಾರೆ ಮರಿಯಿಂದ ಸಾಕಿದ ಗೆಂಡೆಮೀನುಗಳು. ಅವುಗಳ ಹೊಟ್ಟೆ ತುಂಬಿದಷ್ಟೂ ಅತ್ತೆಯ ಎದೆಭಾರ ಇಳಿಯುತ್ತಿತ್ತು. ಆದರೆ ಹೋದ ಸಲ ಮೊಟ್ಟೆ ಬಿಡಿಸುವ ಸೂಜಿಮದ್ದು ಕೊಟ್ಟರೂ ಒಂದು ಮೀನೂ ಮೊಟ್ಟೆ ಬಿಡಲಿಲ್ಲ. ಈ ಸಲವೂ ಹಾಗಾದರೆ ಎಲ್ಲವನ್ನೂ ಹಿಡಿದು ಮಾರುಕಟ್ಟೆಗೆ ಕಳಿಸುವೆನೆಂದು ಮಗ ಖಡಾಖಂಡಿತವಾಗಿ ಹೇಳಿಬಿಟ್ಟ. ಮರಿ ಮಾರಿ ಬದುಕುವ ಮನೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅತ್ತೆ ಮಾತ್ರ ಅಂದಿನಿಂದ ದಿನಕ್ಕೆ ಹತ್ತು ಸಲ ಕೊಳದ ದಡಕ್ಕೆ ಹೋಗಿ ಮೀನುಗಳ ಹೊಟ್ಟೆ ನೋಡತೊಡಗಿದರು.

"ಹೊಟ್ಟೆ ನೋಡೇ, ತುಂಬು ಬಸುರಿಯರ ಹಾಗಿವೆ. ಇವತ್ತೋ ನಾಳೆಯೋ ಅನ್ನೋ ಹಾಗೆ" ಎಂದು ಸೊಸೆಗೆ ತೋರಿಸಿದರು.

ಸೊಸೆ ಒಂದು ಮೀನನ್ನು ಒದ್ದೆಬಟ್ಟೆಯಲ್ಲಿ ಹಿಡಿದು ಹೊಟ್ಟೆ ಸವರಿದಳು. "ಬಸುರಲ್ಲ ಅತ್ತೆ, ಬೊಜ್ಜು. ಬರೀ ತೌಡು ತಿಂದು ಕೊಬ್ಬಿವೆ. ಮೊಟ್ಟೆ ಕಟ್ಟೋಕೆ ಪ್ರೋಟೀನ್ ಬೇಕು. ತೌಡು ಕಡಿಮೆ ಮಾಡಿ ಕಡಲೆಕಾಯಿ ಹಿಂಡಿ, ಸೋಯಾ, ಒಣಮೀನಿನ ಪುಡಿ ಕಲಸಿ ಹಾಕೋಣ."

"ಮೀನಿಗೆ ಮೀನೇ? ದೇವರೇ ದೇವರೇ! ಅಕ್ಕನಿಗೆ ತಂಗಿಯನ್ನ ಬಡಿಸ್ತೀಯೇನೇ?"

"ಹೊಳೆಯಲ್ಲಿ ದೊಡ್ಡದು ಚಿಕ್ಕದನ್ನ ನುಂಗುವಾಗ ನಿಮ್ಮನ್ನ ಕೇಳಿ ನುಂಗುತ್ತಾ?"

ಅತ್ತೆ ಯೋಚಿಸಿದರು. ದೇವರೇ ಹಾಗೆ ಇಟ್ಟಿರುವಾಗ ತಾವು ಅಡ್ಡ ಬಾಯಿ ಹಾಕುವುದು ಸರಿಯಲ್ಲವೆನಿಸಿ ಒಪ್ಪಿದರು.

ಒಪ್ಪಿದ್ದೇ ತಡ, ಅವರ ಕೈಗೆ ಕಡಿವಾಣವಿಲ್ಲದಾಯಿತು. ಸೊಸೆ ಅಳೆದು ಹಾಕಿ ಅತ್ತ ಹೋದರೆ ಇತ್ತ ಇವರು, "ಹೆರೋ ಜೀವ, ಇಬ್ಬರ ಊಟ ಉಣ್ಣಲಿ" ಎಂದು ಇನ್ನಷ್ಟು ಸುರಿಯುತ್ತಿದ್ದರು. ಒಂದು ಬೆಳಗ್ಗೆ ಕೊಳವೇ ನಾರತೊಡಗಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅತ್ತೆಯ ಜೀವ ಬಾಯಿಗೆ ಬಂತು.

ಸೊಸೆ ಓಡಿ ಬಂದು ಪಂಪು ಹಾಕಿ ಹೊಸನೀರು ಬಿಟ್ಟಳು. "ನಿಜ ಹೇಳಿ ಅತ್ತೆ, ಎಷ್ಟು ಹಾಕಿದ್ರಿ?"

"ಸ್ವಲ್ಪ."

"ಯಾರ ಸ್ವಲ್ಪ? ನನ್ನ ಸ್ವಲ್ಪವೋ, ನೀವು ನಮಗೆ ಬಡಿಸೋ ಸ್ವಲ್ಪವೋ?"

ಅತ್ತೆ ಮೇವಿನ ಬುಟ್ಟಿಯನ್ನು ಮೆಲ್ಲಗೆ ಸೆರಗಿನ ಹಿಂದೆ ಸರಿಸಿದರು.

"ಬೇಕಾದ್ದಕ್ಕಿಂತ ಹೆಚ್ಚು ಹಾಕಿದ್ರೆ ಮೊಟ್ಟೆ ಹೆಚ್ಚಾಗಲ್ಲ. ನೀರು ಕೆಡುತ್ತೆ, ಅಷ್ಟೇ."

ದೇವರ ದಯೆ, ಮೀನುಗಳು ಚೇತರಿಸಿಕೊಂಡವು. ಆಮೇಲೆ ಅತ್ತೆ ಅಳತೆ ಮೀರಲಿಲ್ಲ. ಅವು ದಡಕ್ಕೆ ಬಂದು ಬಾಯಿ ತೆರೆದಾಗಲೆಲ್ಲ ಮುಖ ತಿರುಗಿಸಿಕೊಂಡು ದೇವರ ನಾಮ ಹೇಳಿಕೊಂಡರು.

ಮಳೆಗಾಲ ಬಂದು ಸೂಜಿಮದ್ದು ಕೊಟ್ಟ ಮರುದಿನ ಮೂವರೂ ತೊಟ್ಟಿಯ ಬಳಿ ಸೇರಿದರು. ಮಗ ಮೀನನ್ನು ಹಿಡಿದುಕೊಂಡ. ಸೊಸೆ ಹೆಬ್ಬೆರಳಿನಿಂದ ಹೊಟ್ಟೆಯನ್ನು ಮೆಲ್ಲಗೆ ಒತ್ತಿದಳು. ಬೋಗುಣಿಗೆ ಮೊಟ್ಟೆ ರವೆಯಂತೆ ಸುರಿಯಿತು. ಇನ್ನೊಂದು ಮೀನು, ಮತ್ತೊಂದು. ಬೋಗುಣಿ ಸಾಲದೆ ಬಕೆಟ್ಟು ತರಬೇಕಾಯಿತು.

"ಸರಿ, ಮರಿಗಳಿಗೆ ತೊಟ್ಟಿ ತೊಳೀತೀನಿ" ಎಂದು ಮಗ ಹಲ್ಲು ಕಿರಿದು ಹೊರಟ.

ಅತ್ತೆ ಕಣ್ಣೊರೆಸಿಕೊಂಡು ಆಕಾಶಕ್ಕೆ ಕೈ ಮುಗಿದರು. "ದೇವರೇ, ನಮ್ಮ ಯಜಮಾನರ ಕಿವಿಗೊಂದು ಮಾತು ಹಾಕಿಬಿಡು. ಮೀನೆಲ್ಲ ಸುಖವಾಗಿ ಹೆತ್ತವು ಅನ್ನು. ಕೊಳ ಕೆಡಿಸಿದ ವಿಚಾರ ಮಾತ್ರ ಎತ್ತಬೇಡಪ್ಪ."

"ಅದನ್ನ ನಾನು ಅವತ್ತೇ ಮಾವನ ಫೋಟೋ ಮುಂದೆ ನಿಂತು ಹೇಳಿಯಾಯ್ತು ಅತ್ತೆ" ಎಂದಳು ಹಿಂದೆ ನಿಂತಿದ್ದ ಸೊಸೆ.