ಗೆರೆ ತಪ್ಪಿಸಿದ ಪೊದೆ

ಮೂವತ್ತೊಂದನೇ ಇಸವಿಯಲ್ಲಿ ಬೆಂಗ್ರೆಯ ಮರಳ ದಿಣ್ಣೆಯ ಮೇಲೆ ಒಂದು ಖಾಲಿ ಗೋದಾಮಿನ ಕಾವಲಿಗೆ ನಾನು ಬಂದೆ. ನದಿಯಾಚೆಯ ಬಂದರದ ಗದ್ದಲ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನನ್ನಲ್ಲಿಗೆ ಬರುತ್ತಿದ್ದವರು ಉಪ್ಪು ಹೇರುವ ಮಂಜಿ ಹಡಗನ್ನು ನಡೆಸುವ ತಾಂಡೇಲ, ಉಳ್ಳಾಲದ ಹಸನಬ್ಬರೊಬ್ಬರೇ. ಭರತಕ್ಕೆ ಕಾಯುವ ದಿನ ಹಡಗನ್ನು ಹೊರಗೆ ನಿಲ್ಲಿಸಿ, ಚಿಕ್ಕ ದೋಣಿಯಲ್ಲಿ ಬಂದು ಚಹಾ ಕುಡಿಯುತ್ತಿದ್ದರು.

ಅಳಿವೆಯ ಬಾಯಲ್ಲಿ ಒಂದು ಪೊದೆಯಿತ್ತು. ಸಣ್ಣ ಸೇವಂತಿಗೆಯಂತಹ ಹಳದಿ ಹೂ, ಕಡುಬೇಸಿಗೆಯಲ್ಲೂ ಹಸಿರು. ಅದರ ಹೆಸರು ನಾನು ಹಿಂದೆ ಓದಿದ ಸಂಜೆ ಶಾಲೆಯ ಮಾಸ್ತರರಿಗೂ ತಿಳಿದಿರಲಿಲ್ಲ. ಆ ಪೊದೆಯೂ ಆಚೆ ದಡದ ಹಂಚಿನ ಕಾರ್ಖಾನೆಯ ಚಿಮಣಿಯೂ ಒಂದೇ ಗೆರೆಗೆ ಬಂದರೆ ಅಲ್ಲಿ ಆಳ ಉಂಟು, ಹಡಗು ಆ ಗೆರೆ ಹಿಡಿದೇ ಒಳಗೆ ಬರುವುದು ಎಂದು ಹಸನಬ್ಬರೇ ನನಗೆ ಹೇಳಿದ್ದರು. ಹಾಗಾಗಿ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಆಟಿ ತಿಂಗಳ ಮಳೆಯಲ್ಲಿ ಅದರ ನಾಲ್ಕು ಗೆಲ್ಲು ತಂದು ನನ್ನ ಕಾವಲು ಗುಡಿಸಲ ಮುಂದೆ ನೆಟ್ಟೆ. ಬೆಳೆಯುವುದೊಂದು ಎದುರಿಗಿದ್ದರೆ ಯಾರೋ ಇದ್ದ ಹಾಗೆ. ದೀಪಾವಳಿಗೆ ಅಂಗಳವೆಲ್ಲ ಹಳದಿಯಾಯಿತು. ಅಳಿವೆಯ ಹಳೆಯ ಪೊದೆಯನ್ನು ಆ ವರ್ಷ ಆಡುಗಳು ಅರ್ಧ ತಿಂದಿದ್ದವು.

ಮಳೆ ಮುಗಿದ ಮೇಲಿನ ಮೊದಲ ಮಂಜಿ ಒಂದು ಬೆಳಿಗ್ಗೆ ನನ್ನ ಕಡೆಗೇ ತಿರುಗಿತು. ನನ್ನನ್ನು ನೋಡಲು ಬರುತ್ತಿದ್ದಾರೆ ಎಂದುಕೊಂಡು ಮುಂಡಾಸು ಬಿಚ್ಚಿ ಬೀಸಿದೆ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಹೊರಗೆ ಬರುವಷ್ಟರಲ್ಲಿ ಹಡಗು ಮರಳಿಗೇರಿ ವಾಲಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ಚುಕ್ಕಾಣಿ ಮುರಿದಿತ್ತು. ಎದೆಮಟ್ಟದ ನೀರಲ್ಲಿ ನಡೆದು ಬಂದ ಹಸನಬ್ಬ ಜಗಲಿಯಲ್ಲಿ ಕುಳಿತರು.

“ಕಣ್ಣು ಹೋಯಿತು, ನೋಣಯ್ಯ. ಗೆರೆ ತಪ್ಪಿದ್ದು ಕಾಣಲಿಲ್ಲ. ಇನ್ನು ಅಳಿಯ ಹಿಡಿಯಲಿ ಚುಕ್ಕಾಣಿ. ನಾನು ಮನೆಯಲ್ಲಿ ಬಲೆ ಹೆಣೀತೇನೆ.”

ದುರಸ್ತಿಗೆ ಎರಡು ದಿನ ಹಿಡಿಯಿತು. ಅಷ್ಟೂ ಹೊತ್ತು ಅವರು ನನ್ನಲ್ಲೇ ಇದ್ದರು. ಇಬ್ಬರಿಗೆ ಗಂಜಿ ಬೇಯಿಸಿದೆ. ಹೇಳಬೇಕು, ಹೇಳಿದರೆ ಇವರು ಮತ್ತೆ ನನ್ನ ಮುಖ ನೋಡುವುದಿಲ್ಲ ಎಂದು ಯೋಚಿಸುತ್ತಲೇ ಎರಡು ದಿನವನ್ನೂ ಕಳೆದೆ. ಹೊರಡುವ ಬೆಳಿಗ್ಗೆ ಅವರು ಕೈ ಚಾಚಿ ತಮ್ಮ ಬೆರಳುಗಳನ್ನೇ ಎಣಿಸಿ ನೋಡಿಕೊಳ್ಳುತ್ತಿದ್ದರು. ಆಗ ಹೇಳಿಬಿಟ್ಟೆ.

“ನಿಮ್ಮ ಕಣ್ಣು ಸರಿ ಉಂಟು. ಈ ಹೂ ನಾನು ನೆಟ್ಟದ್ದು.”

ಅವರು ಹೂಗಳನ್ನೂ ಚಿಮಣಿಯನ್ನೂ ನೋಡಿದರು.

“ಎಂತಕ್ಕೆ ಮಾರಾಯ?”

ನಾನು ಚಹಾದ ಲೋಟ ಅವರ ಮುಂದಿಟ್ಟೆ. ಅವರು ಚಹಾ ಕುಡಿಯದೆ ಹೋದರು.

ಅಂಗಳದ ಗಿಡಗಳನ್ನು ಕಿತ್ತು ಮುಗಿಸಲು ನನಗೆ ನಾಲ್ಕು ದಿನ ಬೇಕಾಯಿತು. ನೆಲ ಮುಟ್ಟಿದಲ್ಲೆಲ್ಲ ಅದು ಬೇರು ಬಿಟ್ಟಿತ್ತು. ಹಳೆಯ ಪೊದೆಗೆ ಮುಳ್ಳಿನ ಬೇಲಿ ಕಟ್ಟಿದೆ.

ಈಗ ಮಂಜಿ ಗೆರೆ ಹಿಡಿದು ನೇರ ಒಳಗೆ ಹೋಗುತ್ತದೆ. ಚುಕ್ಕಾಣಿಯಲ್ಲಿ ಹಸನಬ್ಬರೇ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ, ಮುಂಡಾಸು ಬೀಸುವುದಿಲ್ಲ. ಬೀಸಿದರೆ ಅವರು ಈ ಕಡೆ ನೋಡಿಯಾರು, ಗೆರೆ ತಪ್ಪೀತು.