ಮೂವತ್ತನೆಯ ಫರ್ಶಿ

"ಮೂವತ್ತರಾಗ ಒಂದು ಹ್ಯಾಂಗ ಕಮ್ಮಿ ಬಿತ್ತೋ?"

ಅಂಗಳಕ್ಕೆ ನೀರು ಹೊಡೆಯುತ್ತಿದ್ದ ಗೌಂಡಿ ರಾಚಪ್ಪ ಯಾರ ಮುಖವನ್ನೂ ನೋಡದೆ ಕೇಳಿದ. ಉತ್ತರ ಹೇಳಬೇಕಾದ ಕಲ್ಲಿನ ವ್ಯಾಪಾರಿ ರೇವಣಪ್ಪನನ್ನು ಪಡಸಾಲೆಯ ಗೋಡೆಗೊರಗಿಸಿ, ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದ್ದರು. ಹಿಂದಿನ ಸಂಜೆ ಲಿಂಗಪೂಜೆ ಮುಗಿಸಿ ಎದ್ದವನು ಹಾಗೆಯೇ ಕುಸಿದು ಜೀವ ಬಿಟ್ಟಿದ್ದ.

ನೀರು ಶಹಾಬಾದ್ ಫರ್ಶಿಕಲ್ಲುಗಳ ಮೇಲೆ ನುಣ್ಣಗೆ ಹರಿದು ಮೆಟ್ಟಿಲ ಬುಡಕ್ಕೆ ಬಂದು ನಿಂತಿತು. ಅಲ್ಲಿ ಎರಡಡಿ ಉದ್ದ, ಎರಡಡಿ ಅಗಲ ಬರಿಯ ಮಣ್ಣು. ನೀರು ಬಿದ್ದು ಕೆಸರಾಯಿತು.

ಒಳಗೆ ಭಜನೆಯವರು ತಾಳ ನಿಲ್ಲಿಸಿ ಚಹಾ ಕುಡಿಯುತ್ತಿದ್ದರು. ಪಕ್ಕದ ಮನೆಯ ಪ್ರೇಮಾಬಾಯಿ ಕಣ್ಣೊರೆಸಿಕೊಂಡು ಹೇಳಿದಳು: "ನಮ್ಮ ಮಠದ ಅಂಗಳಕ್ಕ ರೇವಣಪ್ಪನೋರು ಟೇಪ್ ಸುದ್ದಾ ಹಿಡೀಲಿಲ್ಲ ನೋಡ್ರಿ. ಉದ್ದಕ್ಕ ಒಮ್ಮೆ ನಡದ್ರು, ಅಡ್ಡಕ್ಕ ಒಮ್ಮೆ ನಡದ್ರು. ನೂರಾ ಎಂಬತ್ತು ಫರ್ಶಿ, ಒಡಿಯೋದಕ್ಕ ಐದು ಜಾಸ್ತಿ ಅಂದ್ರು."

"ಐದೇ ಒಡದ್ವು," ಎಂದ ರಾಚಪ್ಪ ಬಾಗಿಲಿಂದ. "ಕಲ್ಲು ಸುದ್ದಾ ಅವನ ಮಾತು ಕೇಳ್ತಿದ್ವು. ಔರಂಗಾಬಾದ್ ತುಂಬ ಹಾಸಿದ. ತನ್ನ ಮನಿಗಿ ಬಂದಾಗ ಮಾತ್ರ..."

ಓಝರ್‌ನಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಮಗ ಗುರುಲಿಂಗ ಎದ್ದು ಹೊರಗೆ ಹೋದ. ಶಾಲೆಯಲ್ಲಿ ಹುಡುಗರು ಅವನನ್ನು 'ಏಕ್ ಕಮೀ', ಒಂದು ಕಮ್ಮಿ, ಎಂದೇ ಕರೆಯುತ್ತಿದ್ದರು.

"ರಾಚಪ್ಪ ಕಾಕಾ, ಇವತ್ತರೆ ಇದನ್ನ ಮುಚ್ಚೂಣು. ಲೋಕ್ ಯೇಣಾರ್, ಮಂದಿ ಬರ್ತಾರ, ಕಾಕಾ. ಅಪ್ಪಾನ್ನ ಎತ್ತಿಕೊಂಡು ಹೋಗೋ ಮುಂದೂ ನಗಬಾರದು."

"ಎಲ್ಲಿ ತರ್ತಿ ಈಗ ಫರ್ಶಿ?"

ಗುರುಲಿಂಗ ಹಿತ್ತಲಿಗೆ ನಡೆದ. ಸ್ನಾನಕ್ಕೆ ನೀರು ಕಾಯಿಸುವ ಬಂಬಿನ ಹಿಂದೆ, ಗೋಡೆಗೆ ಒರಗಿಸಿದ ಒಂದು ಕಲ್ಲಿತ್ತು. ಯಾವುದೋ ಗಿರಾಕಿಯ ಕೆಲಸದಲ್ಲಿ ಉಳಿದದ್ದೆಂದು ಅವನು ನೋಡುತ್ತಲೇ ಬೆಳೆದ ಕಲ್ಲು.

*

ಅದು ಎಂಬತ್ತೊಂದರ ಮಾತು. ಸಿಡ್ಕೊ ಬಡಾವಣೆಯಲ್ಲಿ ಸ್ವಂತ ಮನೆಯಾಗಿತ್ತು. ಹನ್ನೆರಡಡಿ, ಹತ್ತಡಿ ಅಂಗಳ. ಉದ್ದಕ್ಕೆ ಆರು ಫರ್ಶಿ, ಅಡ್ಡಕ್ಕೆ ಐದು. ರೇವಣಪ್ಪ ಮೂವತ್ತು ಕಲ್ಲು ಆರಿಸಿ, ಒಂದೊಂದರ ಬೆನ್ನಿಗೂ ಕೆಂಪು ಬಣ್ಣದಲ್ಲಿ ಅಂಕಿ ಬರೆದಿದ್ದ. ಇಪ್ಪತ್ತೊಂಬತ್ತು ಕೂರಿಸುವಷ್ಟರಲ್ಲಿ ಹೊತ್ತು ಇಳಿದು, ರಾಚಪ್ಪ ಇನ್ನೆಷ್ಟು ಕಲ್ಲು ಉಳಿದವೆಂದು ನೋಡದೆಯೇ ಕರಣೆ ತೊಳೆದಿಟ್ಟು ಮನೆಗೆ ಹೋದ.

ರೇವಣಪ್ಪನ ಹೆಂಡತಿ ಸಂಗಮ್ಮ ಮೆಟ್ಟಿಲ ಮೇಲೆ ಕೂತು, ಉಳಿದಿದ್ದ ಮಣ್ಣಿನ ಮೇಲೆ ಕಾಲಿಟ್ಟಿದ್ದಳು. ಚಿತ್ತಾಪುರದ ಕಡೆಯ ಎರೆಹೊಲದಲ್ಲಿ ಬೆಳೆದವಳು.

"ಹನ್ನೆರಡು ವರ್ಷ ಬಾಡಿಗಿ ಮಾಳಿಗಿ ಮ್ಯಾಲ ಇದ್ದೆ. ಈಗ ನೆಲ ಸಿಕ್ತು ಅಂದ್ರ ಅದರ ಮ್ಯಾಲೂ ಕಲ್ಲು. ಊರು ಬಿಟ್ಟಾಗಿಂದ ಕಾಲಿಗಿ ಮಣ್ಣು ಹತ್ತಿಲ್ಲ ನೋಡ್ರಿ."

ಬೇಡಿದ್ದಲ್ಲ, ಸುಮ್ಮನೆ ಆಡಿದ ಮಾತು. ರೇವಣಪ್ಪ ಕಾಲು ತೆಗೆ ಎನ್ನಲಿಲ್ಲ. ಕೊನೆಯ ಕಲ್ಲನ್ನು ಎದೆಗೆ ಆನಿಸಿಕೊಂಡು ಹಿತ್ತಲಿಗೆ ಒಯ್ದ.

ಮರುದಿನ ರಾಚಪ್ಪ ಕೇಳಿದಾಗ, "ಲೆಕ್ಕ ತಪ್ಪಿತು," ಎಂದ.

"ನಿಂದು? ಲೆಕ್ಕ?"

"ಹೂಂ, ನಂದೇ."

ಕಲ್ಲು ಮಾರುವವನ ಹೆಂಡತಿಗೆ ಕಲ್ಲು ಬೇಡವಂತೆ ಎಂದು ಓಣಿಯೆಲ್ಲ ಅವಳನ್ನು ನೋಡಿ ನಗುವುದು ಅವನಿಗೆ ಬೇಕಿರಲಿಲ್ಲ. ಆಮೇಲೆ ಹದಿಮೂರು ವರ್ಷ ಓಣಿ ಅವನನ್ನು ನೋಡಿ ನಕ್ಕಿತು. ಅವನೂ ಜೊತೆಗೆ ನಗುತ್ತಿದ್ದ.

*

ಗುರುಲಿಂಗ, ರಾಚಪ್ಪ ಇಬ್ಬರೂ ಕಲ್ಲನ್ನು ಹೊತ್ತು ತಂದು ಅಂಗಳದಲ್ಲಿ ಮಗುಚಿದರು. ಗೋಡೆಯ ಕಡೆಗಿದ್ದ ಬೆನ್ನಿನ ಮೇಲೆ ಕೆಂಪು ಅಂಕಿ ಹಾಗೇ ಇತ್ತು: ೩೦.

ರಾಚಪ್ಪ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. "ತಂದಿದ್ದನಲ್ಲೋ. ಮೂವತ್ತೂ ತಂದಿದ್ದ. ಎಷ್ಟ್ ಸಲ ನಕ್ಕು ಚಾಷ್ಟಿ ಮಾಡೀನೋ ನಾ ಅವಗ."

ಗುರುಲಿಂಗ ಬಾಗಿಲ ಕಡೆಗೆ ತಿರುಗಿ ಕೂಗಿದ. "ಅವ್ವಾ! ಬಾ ಇಲ್ಲಿ. ಅಪ್ಪಾಂದು ಲೆಕ್ಕ ತಪ್ಪಿದ್ದಿಲ್ಲ!"

ಗಂಡನ ಪಕ್ಕದಿಂದ ಸಂಗಮ್ಮ ಎದ್ದು ಬಂದಳು. ಕಲ್ಲನ್ನು ನೋಡಿದಳು. ಅಂಕಿಯನ್ನೂ ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ಎಲ್ಲಾರೂ ನೋಡ್ಲಿ," ಎಂದ ಮಗ. "ಎಲ್ಲಾರ ಮುಂದ ಕೂಡಿಸ್ತೀನಿ. ಕಾಕಾ, ಕರಣಿ ತಗೋ."

ಸಂಗಮ್ಮ ಮೆಲ್ಲಗೆ ಮೆಟ್ಟಿಲ ಮೇಲೆ ಕುಳಿತಳು. ಸೀರೆಯ ನೆರಿಗೆ ತುಸು ಎತ್ತಿ, ಎರಡೂ ಪಾದಗಳನ್ನು ಆ ಕೆಸರಿನಲ್ಲಿ ಊರಿದಳು. ಬೆರಳುಗಳ ಸಂದಿಯಿಂದ ಮಣ್ಣು ಮೇಲೆ ಬಂತು.

ಒಳಗೆ ತಾಳ ಮತ್ತೆ ಶುರುವಾಯಿತು. ಗುರುಲಿಂಗ ಕಲ್ಲಿನ ಅಂಚು ಹಿಡಿದು ಕಾಯ್ದ.

"ಅವ್ವಾ, ಕಾಲು ತಗಿ."

"ತಗಿಯಂಗಿಲ್ಲ."